ಮುಷ್ಕರದ ಎರಡನೇ ವಾರ

ಮುಷ್ಕರದ ಮೊದಲ ದಿನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ತರಹ. ಬೆಳಗಿನ ಪಾಳಿಯ ಹೊತ್ತಿಗೆ ಗೇಟಿನ ಮುಂದೆ ಜನ ಸೇರುತ್ತಾರೆ. ಶಾಮಿಯಾನ ಎದ್ದಿರುತ್ತದೆ, ಬಾಡಿಗೆ ಮೈಕು ಕಿರುಗುಟ್ಟುತ್ತಿರುತ್ತದೆ, ಯಾರೋ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಮಾಡಿಸಿ ತಂದಿರುತ್ತಾರೆ. ಟಿ.ವಿ.ಯವರು ಬರುತ್ತಾರೆ, ಮುಖಂಡರು ಗಂಟಲು ಹರಿಯುವಂತೆ ಮಾತಾಡುತ್ತಾರೆ, ಶೇ 100ರಷ್ಟು ಯಶಸ್ವಿ ಎಂಬ ಘೋಷಣೆ ಸಂಜೆಯೊಳಗೆ ಹೊರಬೀಳುತ್ತದೆ. ಹನ್ನೊಂದನೇ ದಿನ ಅದೇ ಗೇಟಿಗೆ ಹೋದರೆ ಚಿತ್ರ ಬೇರೆ. ಶಾಮಿಯಾನದ ಬಾಡಿಗೆ ಬಾಕಿ ಬಿದ್ದಿದೆ. ಬಂದವರು ಅರ್ಧಕ್ಕರ್ಧ. ಬಾರದವರಲ್ಲಿ ಕೆಲವರು ಊರಿಗೆ ಹೋಗಿದ್ದಾರೆ, ಕೆಲವರು ಫೋನು ತೆಗೆಯುತ್ತಿಲ್ಲ, ನಾಲ್ಕು ಜನ ಹಿಂದಿನ ಬಾಗಿಲಿನಿಂದ ಡ್ಯೂಟಿಗೆ ಹೋದರಂತೆ ಎಂಬ ಗುಸುಗುಸು. ಈ ನಡುವೆ ಆಡಳಿತದ ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಮನೆಗೇ ಹೋಗಿದೆ. ಅದನ್ನು ಮೊದಲು ಒಡೆದು ಓದಿದವರು ನೌಕರನ ಹೆಂಡತಿಯೋ, ತಾಯಿಯೋ.

ಪತ್ರಿಕೆಗಳಲ್ಲಿ ಮುಷ್ಕರದ ಬಗ್ಗೆ ನಾವು ಓದುವುದೆಲ್ಲ ಬೇಡಿಕೆ, ಮಾತುಕತೆ ಮತ್ತು ಸಾರ್ವಜನಿಕರ ಪರದಾಟದ ಸುದ್ದಿ. ಕೆಲಸ ನಿಲ್ಲಿಸುವ ಸಾವಿರಾರು ಜನರನ್ನು ಅದಕ್ಕೆ ಮೊದಲು ಯಾರು, ಹೇಗೆ, ಎಷ್ಟು ದಿನ ಸಜ್ಜುಗೊಳಿಸಿದರು ಎಂಬುದು ಸುದ್ದಿಯಾಗುವುದೇ ಇಲ್ಲ. ಗೆದ್ದ ಮುಷ್ಕರಕ್ಕೂ ಸೋತ ಮುಷ್ಕರಕ್ಕೂ ಇರುವ ವ್ಯತ್ಯಾಸ ಬಹಳ ಸಲ ಅಲ್ಲೇ ಇದೆ. ನಮ್ಮ ಸಂಘಟನೆಗಳು ಮೊದಲ ದಿನಕ್ಕೆ ಚೆನ್ನಾಗಿ ತಯಾರಿ ಮಾಡುತ್ತವೆ, ಎರಡನೇ ವಾರಕ್ಕೆ ಮಾಡುವುದಿಲ್ಲ. ಎದುರಿನವರಿಗೆ ಇದು ಗೊತ್ತು. ಅವರು ಎರಡನೇ ವಾರಕ್ಕಾಗಿ ಕಾಯುತ್ತಾರೆ.

ಕಾನೂನು ಕೊಡುವ ಹದಿನಾಲ್ಕು ದಿನ

ಮುಷ್ಕರ ಹೂಡುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. ಸಂಘ ಕಟ್ಟುವ ಹಕ್ಕಿನೊಳಗೆ ಮುಷ್ಕರದ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಹೇಳಿತು. ಅದು ಕಾಯ್ದೆ ಕೊಟ್ಟಿರುವ, ಕಾಯ್ದೆಯೇ ಬೇಲಿ ಹಾಕಿರುವ ಅವಕಾಶ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮುಂಗಡ ನೋಟಿಸ್ ಕಡ್ಡಾಯವಾಗಿದ್ದದ್ದು ಸಾರಿಗೆ, ವಿದ್ಯುತ್, ನೀರಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಕಾರ್ಖಾನೆ, ಸಂಸ್ಥೆಗಳಿಗೂ ವಿಸ್ತರಿಸಿದೆ. ನೋಟಿಸ್ ಕೊಟ್ಟು 14 ದಿನ ಕಳೆಯುವ ತನಕ ಕೆಲಸ ನಿಲ್ಲಿಸುವಂತಿಲ್ಲ. ರಾಜಿ ಸಂಧಾನ ನಡೆಯುತ್ತಿರುವಾಗಲೂ, ಅದು ಮುಗಿದ ಮೇಲೆ ಏಳು ದಿನವೂ ನಿಲ್ಲಿಸುವಂತಿಲ್ಲ. ನೌಕರರಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಾಮೂಹಿಕ ರಜೆ ಎಂಬ ಹಳೆಯ ಒಳದಾರಿ ಹೀಗೆ ಮುಚ್ಚಿತು. ಕಾನೂನುಬಾಹಿರ ಮುಷ್ಕರದಲ್ಲಿ ಪಾಲ್ಗೊಂಡ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ಕಾಯ್ದೆಯಲ್ಲಿ ದಂಡದ ಗರಿಷ್ಠ ಮೊತ್ತ 50 ರೂಪಾಯಿ ಇತ್ತು.

ಇದರ ಜೊತೆಗೆ ಸಂಬಳದ ಪ್ರಶ್ನೆ. ಬ್ಯಾಂಕ್ ಆಫ್ ಇಂಡಿಯಾದ ನೌಕರರು 1977ರಲ್ಲಿ ನಾಲ್ಕು ಗಂಟೆಯ ಮುಷ್ಕರ ಮಾಡಿದರು. ಬ್ಯಾಂಕು ಇಡೀ ದಿನದ ಸಂಬಳ ಹಿಡಿಯಿತು. ಅದು ಸರಿಯೆಂದು ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತು. ಮುಷ್ಕರದ ದಿನಗಳ ಸಂಬಳ ಬೇಕೆಂದರೆ ಆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯಸಮ್ಮತವೂ ಆಗಿರಬೇಕು ಎಂದು 1994ರಲ್ಲಿ ಅದೇ ಕೋರ್ಟು ಹೇಳಿತು. ಇನ್ನೊಂದು ನಿಯಮ ಬಹುಪಾಲು ನೌಕರರಿಗೆ ತಿಳಿದೇ ಇಲ್ಲ: ಹತ್ತು ಅಥವಾ ಹೆಚ್ಚು ಜನ ಕೂಡಿಕೊಂಡು, ನೇಮಕಾತಿ ಕರಾರಿನಲ್ಲಿ ಹೇಳಿದ ನೋಟಿಸ್ ಕೊಡದೆ, ಸಕಾರಣವಿಲ್ಲದೆ ಗೈರಾದರೆ ಎಂಟು ದಿನದವರೆಗಿನ ಸಂಬಳ ಕಡಿತಕ್ಕೆ ಅವಕಾಶವಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಾತು ಹೊಸ ವೇತನ ಸಂಹಿತೆಯಲ್ಲೂ ಉಳಿದುಕೊಂಡಿದೆ.

ಸಂಘದ ವಕೀಲರಿಗೆ ಇದೆಲ್ಲ ಬಾಯಿಪಾಠ. ಗೇಟ್ ಮೀಟಿಂಗಿನಲ್ಲಿ ನಿಂತ ಸದಸ್ಯನಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಹೆದರಿಬಿಡುತ್ತಾರೆ ಎಂಬ ಅಳುಕು ಅದಕ್ಕೆ ಕಾರಣ. ಆದರೆ ಸಂಘ ಹೇಳದೆ ಬಿಟ್ಟದ್ದನ್ನು ಆಡಳಿತ ಹೇಳಿಯೇ ಹೇಳುತ್ತದೆ, ಅದೂ ಏಳನೆಯದೋ ಎಂಟನೆಯದೋ ದಿನ, ಅತ್ಯಂತ ಕೆಟ್ಟ ಅರ್ಥ ಬರುವ ಭಾಷೆಯಲ್ಲಿ. ಮೊದಲೇ ಕೇಳಿದ ಅಪಾಯಕ್ಕೂ ಆಮೇಲೆ ಲಕೋಟೆಯಲ್ಲಿ ಬಂದ ಅಪಾಯಕ್ಕೂ ತೂಕ ಒಂದೇ ಅಲ್ಲ. ಹಾಗಾಗಿ ಹದಿನಾಲ್ಕು ದಿನದ ನೋಟಿಸ್ ಅವಧಿಯನ್ನು ಶತ್ರುವಿಗೆ ಸಿಕ್ಕ ಕಾಲಾವಕಾಶವೆಂದು ಶಪಿಸುತ್ತ ಕೂರುವ ಬದಲು, ಪ್ರತಿ ವಿಭಾಗದಲ್ಲೂ ಕೂತು ಇವನ್ನೆಲ್ಲ ಓದಿ ಹೇಳುವುದಕ್ಕೆ ಬಳಸುವುದೇ ಲಾಭ.

ದಿನಸಿ ಅಂಗಡಿಯ ಸಾಲದ ಪುಸ್ತಕ

ಅಮೆರಿಕದ ವಾಹನ ಕಾರ್ಮಿಕರ ಸಂಘ 2023ರ ಸೆಪ್ಟೆಂಬರಿನಲ್ಲಿ ಮೂರು ದೊಡ್ಡ ಕಂಪನಿಗಳ ವಿರುದ್ಧ ಮುಷ್ಕರಕ್ಕಿಳಿದಾಗ ಅದರ ಮುಷ್ಕರ ನಿಧಿಯಲ್ಲಿ ಸುಮಾರು 82.5 ಕೋಟಿ ಡಾಲರ್ ಇತ್ತು. ಕೆಲಸ ಬಿಟ್ಟು ಹೊರಬಂದ ಪ್ರತಿ ಸದಸ್ಯನಿಗೂ ವಾರಕ್ಕೆ 500 ಡಾಲರ್. ನಮ್ಮಲ್ಲಿ ಅಂಥ ನಿಧಿ ಇರುವ ಸಂಘ ಅಪರೂಪ. ತಿಂಗಳ ಚಂದಾ ಚಹಾದ ಲೆಕ್ಕದಷ್ಟು. ಅದೂ ಕೋರ್ಟು ಖರ್ಚು, ಕರಪತ್ರ, ಓಡಾಟಕ್ಕೆ ಮುಗಿಯುತ್ತದೆ. ಭಾರತದಲ್ಲಿ ಮುಷ್ಕರವನ್ನು ಸಾಕುವುದು ದಿನಸಿ ಅಂಗಡಿಯವನ ಸಾಲದ ಪುಸ್ತಕ, ಊರಿನ ಹೊಲ ಮತ್ತು ಹೆಂಡತಿಯ ಕಿವಿಯೋಲೆ.

ಮುಂಬೈಯ ಗಿರಣಿಗಳ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಗಿರಣಿ ಕೆಲಸಗಾರರಲ್ಲಿ ಅನೇಕರು ಕೊಂಕಣ, ಸಾತಾರಾ, ಕೊಲ್ಹಾಪುರದ ಕಡೆಯಿಂದ ಬಂದು ಖಾನಾವಳಿಗಳಲ್ಲಿ ಉಣ್ಣುತ್ತಿದ್ದರು. 1973-74ರ ಮುಷ್ಕರದಲ್ಲಿ ಖಾನಾವಳಿ ನಡೆಸುವ ಹೆಂಗಸರು ಅವರಿಗೆಲ್ಲ ಸಾಲದ ಮೇಲೆ ಊಟ ಹಾಕಿ, ಕೊನೆಗೆ ತಾವೇ ಬಡ್ಡಿಯ ಸಾಲದಲ್ಲಿ ಮುಳುಗಿದರು. ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದ್ದು ಈ ಹೆಂಗಸರನ್ನು ಆ ಸಾಲದಿಂದ ಎತ್ತುವುದಕ್ಕೆ. ಮುಷ್ಕರದ ಖರ್ಚನ್ನು ನಿಜಕ್ಕೂ ಯಾರು ಹೊತ್ತರು ಎಂದು ಕೇಳಿದರೆ ಸಂಘದ ಕಡತದಲ್ಲಿ ಉತ್ತರ ಸಿಗುವುದಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಗಿರಣಿ ಬಿಟ್ಟು ಹೊರಬಂದಾಗಲೂ ಊರಿನ ಹೊಲಗಳೇ ಆಸರೆಯಾದವು. ಹಳ್ಳಿಗಳಿಂದ ಧಾನ್ಯ ಸಂಗ್ರಹವಾಯಿತು, ಸಾವಿರಾರು ಜನ ಊರು ಸೇರಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅಷ್ಟು ಜನ ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಗಿರಣಿ ಮಾಲೀಕರ ಬಳಿ ಮಾರಾಟವಾಗದ ಬಟ್ಟೆಯ ರಾಶಿ ಇತ್ತು, ಭಿವಂಡಿಯ ಪವರ್‌ಲೂಮ್‌ಗಳು ನೇಯುತ್ತಲೇ ಇದ್ದವು. ಯಾರಿಗೆ ಎಷ್ಟು ದಿನ ತಡೆಯಲು ಸಾಧ್ಯ ಎಂಬ ಲೆಕ್ಕದಲ್ಲಿ ಮುಷ್ಕರದ ಮುಖಂಡರು ಒಂದು ಬದಿಯನ್ನು ಮಾತ್ರ ನೋಡಿದ್ದರು.

ಇದಕ್ಕಿಂತ ಆರು ದಶಕ ಹಿಂದೆ, 1918ರಲ್ಲಿ, ಅಹಮದಾಬಾದಿನ ಗಿರಣಿಗಳಲ್ಲಿ ನಡೆದ ಹೋರಾಟವನ್ನು ನಾವು ಗಾಂಧಿಯವರ ಉಪವಾಸಕ್ಕಾಗಿ ನೆನಪಿಡುತ್ತೇವೆ. ತಯಾರಿಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದವು ಬೇರೆ ಇವೆ. ಕೆಲಸಗಾರರು ಶೇ 50 ಹೆಚ್ಚಳ ಕೇಳುವ ಮನಸ್ಸಿನಲ್ಲಿದ್ದರು. ಬೆಲೆ, ಖರ್ಚು, ಬೇರೆ ಊರಿನ ಕೂಲಿ ಎಲ್ಲ ವಿಚಾರಿಸಿ ಬೇಡಿಕೆಯನ್ನು ಶೇ 35ಕ್ಕೆ ಇಳಿಸಲಾಯಿತು. ಮುಷ್ಕರಕ್ಕೆ ಮೊದಲೇ ಷರತ್ತುಗಳಿದ್ದವು: ಹಿಂಸೆ ಕೂಡದು, ಕೆಲಸಕ್ಕೆ ಹೋಗುವವರನ್ನು ಪೀಡಿಸಕೂಡದು, ದಾನದ ಮೇಲೆ ಬದುಕಕೂಡದು, ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆಯಬೇಕು. ಸಾಬರಮತಿಯ ದಂಡೆಯಲ್ಲಿ ಮರದಡಿ ದಿನವೂ ಸಭೆ, ಕೆಲಸಗಾರರ ಪರ ನಿಂತ ಅನಸೂಯಾ ಸಾರಾಭಾಯಿ ಅವರ ಹೆಸರಿನಲ್ಲಿ ಕರಪತ್ರ. ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ಹೊರುವ ಕೆಲಸ ಕೆಲವರಿಗೆ ಸಿಕ್ಕಿತು. ಇಷ್ಟಿದ್ದೂ ಎರಡು ವಾರ ಕಳೆದ ಮೇಲೆ ಸಭೆಗೆ ಬರುವವರು ಕಡಿಮೆಯಾದರು, ಮುಖಗಳಲ್ಲಿ ಹತಾಶೆ ಕಂಡಿತು. ಉಪವಾಸ ಶುರುವಾದದ್ದೇ ಆಗ. ಅಷ್ಟು ಶಿಸ್ತಿನ ಹೋರಾಟವೂ ಎರಡು ವಾರ ದಾಟುತ್ತಲೇ ಅಲುಗಾಡಿತು ಎಂದ ಮೇಲೆ ಉಳಿದವರ ಪಾಡೇನು?

ಇಂದಿನ ನೌಕರನ ಕಷ್ಟ ಇನ್ನೂ ಬಿಗಿಯಾದದ್ದು. ಹೊಲ ಮಾರಿಯಾಗಿದೆ ಅಥವಾ ಪಾಲಾಗಿದೆ. ಅಂಗಡಿಯ ಶೆಟ್ಟರು ಒಂದು ತಿಂಗಳು ಕಾಯಬಹುದು. ಬೈಕಿನ ಸಾಲದ ಕಂತು ನಿಗದಿತ ತಾರೀಖಿಗೆ ಬ್ಯಾಂಕಿನಿಂದ ತಾನೇ ಕಡಿತವಾಗುತ್ತದೆ, ಕಾಯುವುದಿಲ್ಲ. ಶಾಲೆಯ ಫೀಸು, ಸ್ವಸಹಾಯ ಸಂಘದ ವಾರದ ಕಂತು, ಚೀಟಿ ದುಡ್ಡು ಇವೆಲ್ಲಕ್ಕೂ ತಾರೀಖುಗಳಿವೆ. ಆದ್ದರಿಂದ ಸದಸ್ಯರನ್ನು ಸಜ್ಜುಗೊಳಿಸುವುದೆಂದರೆ ಮೂರು ತಿಂಗಳ ಮೊದಲೇ ಪ್ರತಿಯೊಬ್ಬರ ಜೊತೆ ಕೂತು ಈ ತಾರೀಖುಗಳನ್ನು ಬರೆದುಕೊಳ್ಳುವುದು, ಯಾರ ಮನೆಯಲ್ಲಿ ಹೆರಿಗೆ ಇದೆ, ಯಾರು ಡಯಾಲಿಸಿಸ್‌ನಲ್ಲಿದ್ದಾರೆ ಎಂದು ತಿಳಿದಿರುವುದು. ಸಂಬಳದಿಂದ ಒಂದಿಷ್ಟು ಎತ್ತಿಟ್ಟು ಅಂಥ ಮನೆಗಳಿಗೆ ಮಾತ್ರ ನೆರವಾಗುವ ಸಣ್ಣ ನಿಧಿ ಕಟ್ಟುವುದು ಅಸಾಧ್ಯವಲ್ಲ. ಎಲ್ಲರಿಗೂ ಹಂಚುವಷ್ಟು ದುಡ್ಡು ಬೇಕಿಲ್ಲ. ಮೊದಲು ಮುರಿಯುವ ಮನೆಗಳು ಯಾವುವೆಂದು ಗೊತ್ತಿದ್ದರೆ ಸಾಕು.

ಮೊದಲ ಪೆಟ್ಟು ಯಾರಿಗೆ

2021ರ ಏಪ್ರಿಲ್ 7ರಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದರು. ಹಿಂದಿನ ಡಿಸೆಂಬರಿನಲ್ಲಿ ನಾಲ್ಕು ದಿನ ಬಸ್ ನಿಲ್ಲಿಸಿ ಸರ್ಕಾರದಿಂದ ಲಿಖಿತ ಭರವಸೆ ಪಡೆದಿದ್ದರಿಂದ ಉತ್ಸಾಹ ತುಂಬಿತ್ತು. ಏಪ್ರಿಲ್ 13ಕ್ಕೆ ಯುಗಾದಿ. ಹಬ್ಬದ ಜನಸಂದಣಿಗೆ ಸರ್ಕಾರ ಮಣಿಯುತ್ತದೆ ಎಂಬ ಲೆಕ್ಕ ಸಹಜವೇ ಆಗಿತ್ತು. ಸರ್ಕಾರ ಶೇ 8ರಷ್ಟು ಮಧ್ಯಂತರ ಹೆಚ್ಚಳದ ಮಾತಾಡಿತು, ನೌಕರರು ಒಪ್ಪಲಿಲ್ಲ. ಆಮೇಲೆ ಆದದ್ದನ್ನು ಗಮನಿಸಿ. ಸರ್ಕಾರಿ ಬಸ್ ನಿಲ್ದಾಣಗಳ ಒಳಗೇ ಖಾಸಗಿ ಬಸ್ಸುಗಳಿಗೆ ಜಾಗ ಸಿಕ್ಕಿತು. ದುಡಿದು ಮುಗಿಸಿದ್ದ ಮಾರ್ಚ್ ತಿಂಗಳ ಸಂಬಳವೇ ನಿಂತುಹೋಯಿತು. ನೌಕರರ ಕುಟುಂಬದವರು ಬೀದಿಗೆ ಬಂದು ತಟ್ಟೆ ಲೋಟ ಬಡಿದರು. ವಜಾದ ಮೊದಲ ಆದೇಶಗಳು ಹೋದದ್ದು ತರಬೇತಿ ಅವಧಿಯಲ್ಲಿದ್ದವರಿಗೆ. ಅನಂತರ ಕಾಯಂ ನೌಕರರ ಅಮಾನತು, ದೂರದ ವರ್ಗಾವಣೆ, ಸಿಬ್ಬಂದಿ ವಸತಿಗೃಹ ತೆರವು ಮಾಡಿ ಎಂಬ ನೋಟಿಸು. ಕೋವಿಡ್‌ನ ಎರಡನೇ ಅಲೆ ಏರುತ್ತಿತ್ತು, ಹೈಕೋರ್ಟ್ ಇಂಥ ಹೊತ್ತಿನಲ್ಲಿ ಮುಷ್ಕರ ಸಲ್ಲದು ಎಂದಿತು. ಹದಿನೈದನೇ ದಿನ, ಏಪ್ರಿಲ್ 21ರಂದು, ಬೇಡಿಕೆ ಈಡೇರದೆ ಬಸ್ಸುಗಳು ಹೊರಟವು. ವಜಾಗೊಂಡವರ ಮರುನೇಮಕವೇ ಮುಂದಿನ ಹೋರಾಟದ ವಿಷಯವಾಯಿತು.

ಸರ್ಕಾರ ನಿರ್ದಯವಾಗಿ ನಡೆದುಕೊಂಡಿತು ಎಂದು ಹೇಳಬಹುದು, ನಿಜವೂ ಹೌದು. ಆದರೆ ಇದರಲ್ಲಿ ಹೊಸ ವಿದ್ಯೆ ಒಂದೂ ಇರಲಿಲ್ಲ. 1974ರ ಮೇ ತಿಂಗಳಲ್ಲಿ ಸುಮಾರು 17 ಲಕ್ಷ ರೈಲ್ವೆ ನೌಕರರ ಮುಷ್ಕರದಲ್ಲೂ ಇವೇ ಅಸ್ತ್ರಗಳು ಬಂದಿದ್ದವು. ಮಾತುಕತೆ ನಡೆಯುತ್ತಿರುವಾಗಲೇ, ಮುಷ್ಕರಕ್ಕೆ ಇನ್ನೂ ಆರು ದಿನ ಇರುವಾಗ, ಮೇ 2ರಂದು ಮುಷ್ಕರದ ನಾಯಕ, ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಬಂಧನವಾಯಿತು. ಸಾವಿರಾರು ಕಾರ್ಯಕರ್ತರು ಜೈಲು ಸೇರಿದರು, ರೈಲ್ವೆ ಕ್ವಾರ್ಟರ್ಸ್‌ಗಳಿಂದ ಕುಟುಂಬಗಳನ್ನು ಹೊರಹಾಕಲಾಯಿತು. ತಮಿಳುನಾಡು ಸರ್ಕಾರ 2003ರ ಜುಲೈಯಲ್ಲಿ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ಒಂದೇ ಏಟಿಗೆ ವಜಾ ಮಾಡಿತ್ತು. ಮೂರೂ ಕಡೆ ಪೆಟ್ಟು ಬಿದ್ದದ್ದು ನೌಕರಿ, ವಸತಿ, ಸಂಬಳದ ಮೇಲೆ. ಎದುರಾಳಿಯ ನಡೆಗಳು ಐವತ್ತು ವರ್ಷದಿಂದ ಬದಲಾಗಿಲ್ಲ ಎಂದರೆ ಅವನ್ನು ಮೊದಲೇ ಸದಸ್ಯರ ಮುಂದೆ ಹರಡಿ ತೋರಿಸುವುದಕ್ಕೆ ಏನಡ್ಡಿ? ಟ್ರೈನಿಗಳನ್ನು ಮುಷ್ಕರದಿಂದ ಹೊರಗಿಡಬೇಕೇ, ಒಳಗಿಟ್ಟರೆ ಅವರ ಬೆನ್ನಿಗೆ ಕಾಯಂ ನೌಕರರು ಹೇಗೆ ನಿಲ್ಲುತ್ತಾರೆ, ಮುಖಂಡರೆಲ್ಲ ಬಂಧನವಾದರೆ ಪ್ರತಿ ಡಿಪೋದಲ್ಲಿ ಯಾರ ಮಾತು ನಡೆಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಮುಷ್ಕರ ವಾಪಸ್ ಎಂಬ ಸುಳ್ಳು ಸುದ್ದಿ ಹರಿದಾಡಿದರೆ ಯಾರಿಗೆ ಫೋನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಶಾಮಿಯಾನ ಹಾಕುವ ಮೊದಲೇ ಉತ್ತರ ಸಿಕ್ಕಿರಬೇಕು.

ಕೈ ಎತ್ತುವುದು ಸಾಲದು

ಸಭೆಯಲ್ಲಿ ಕೈ ಎತ್ತಿಸಿ ಒಪ್ಪಿಗೆ ಪಡೆಯುವುದು ನಮ್ಮ ವಾಡಿಕೆ. ಪಕ್ಕದವನು ಎತ್ತಿದರೆ ನಾವೂ ಎತ್ತುತ್ತೇವೆ, ಅದರಿಂದ ಏನೂ ತಿಳಿಯುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯ 2011ರಲ್ಲಿ ಒಂದು ಕಾನೂನು ತಂದಿತು: ಷಿಕಾಗೋದ ಶಿಕ್ಷಕರು ಮುಷ್ಕರ ಮಾಡಬೇಕಾದರೆ ಮತ ಹಾಕಿದವರದ್ದಲ್ಲ, ಒಟ್ಟು ಸದಸ್ಯರ ಶೇ 75ರಷ್ಟು ಒಪ್ಪಿಗೆ ಬೇಕು. ಇನ್ನು ಅಲ್ಲಿ ಮುಷ್ಕರ ಆಗಲಾರದು ಎಂದು ಆ ಕಾನೂನಿಗಾಗಿ ಓಡಾಡಿದವರೊಬ್ಬರು ಬಹಿರಂಗವಾಗಿಯೇ ಬೀಗಿದ್ದರು. ಶಿಕ್ಷಕರ ಸಂಘ ಆ ಅಡ್ಡಿಯನ್ನೇ ತಯಾರಿಯ ಅಳತೆಗೋಲು ಮಾಡಿಕೊಂಡಿತು. ನಿಜವಾದ ಮತದಾನಕ್ಕೆ ಮೊದಲು ಶಾಲೆ ಶಾಲೆಗಳಲ್ಲಿ ಅಣಕು ಮತದಾನ ನಡೆಸಿ, ಎಲ್ಲಿ ಬೆಂಬಲ ತೆಳುವಾಗಿದೆ ಎಂದು ನೋಡಿ ಅಲ್ಲಿಗೆ ಮತ್ತೆ ಹೋದರು. 2012ರ ಜೂನ್‌ನಲ್ಲಿ ಒಟ್ಟು ಸದಸ್ಯರಲ್ಲಿ ಸುಮಾರು ಶೇ 90ರಷ್ಟು ಮಂದಿ ಮುಷ್ಕರಕ್ಕೆ ಮತ ಹಾಕಿದರು. ಸೆಪ್ಟೆಂಬರಿನಲ್ಲಿ ಏಳು ಶಾಲಾ ದಿನಗಳ ಮುಷ್ಕರ ನಡೆದು ಒಪ್ಪಂದವಾಯಿತು.

ನಮ್ಮಲ್ಲೂ ಮಾದರಿ ಇಲ್ಲದೇ ಇಲ್ಲ. ಹಳೆಯ ಪಿಂಚಣಿ ಬೇಡಿಕೆಯ ಮೇಲೆ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ 2023ರ ನವೆಂಬರಿನಲ್ಲಿ ದೇಶದಾದ್ಯಂತ ಗುಪ್ತ ಮತದಾನ ನಡೆಸಿತು. ಶೇ 90ಕ್ಕಿಂತ ಹೆಚ್ಚು ಮತ ಮುಷ್ಕರದ ಪರ ಬಿದ್ದವು. ರೈಲು ಒಂದು ದಿನವೂ ನಿಲ್ಲಲಿಲ್ಲ. ಮುಂದಿನ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಏಕೀಕೃತ ಪಿಂಚಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಕೇಳಿದ್ದಷ್ಟಲ್ಲ, ಮತದಾನವೊಂದೇ ಅದಕ್ಕೆ ಕಾರಣವೂ ಅಲ್ಲ. ನಡುವೆ ಲೋಕಸಭಾ ಚುನಾವಣೆ ಬಂದುಹೋಗಿತ್ತು. ಆದರೂ ಪೆಟ್ಟಿಗೆಯಲ್ಲಿ ಬಿದ್ದ ಮತಗಳ ಲೆಕ್ಕ ಮಾತುಕತೆಯ ಮೇಜಿನ ಮೇಲೆ ಭಾಷಣಕ್ಕಿಂತ ಭಾರ.

ಹಾಗಿದ್ದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಗೆದ್ದದ್ದು ಹೇಗೆ

ಈ ವಾದಕ್ಕೆ ಬರುವ ಅತ್ಯಂತ ಬಲವಾದ ಆಕ್ಷೇಪ ಬೆಂಗಳೂರಿನಿಂದಲೇ ಬರುತ್ತದೆ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ನೋಟಿಸಿಲ್ಲ, ಮತದಾನವಿಲ್ಲ, ಕರೆ ಕೊಟ್ಟ ಮುಖಂಡರಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ದೊಡ್ಡ ಸಂಘಗಳು ವರ್ಷಗಟ್ಟಲೆ ಮಾಡಲಾಗದ್ದನ್ನು ಇವರು ಮಾಡಿದರು; ತಯಾರಿಯ ಮಾತೆಲ್ಲ ಪುಕ್ಕಲರ ನೆಪ ಎನ್ನುವವರಿದ್ದಾರೆ. ಆ ಗೆಲುವನ್ನು ಕಿರಿದು ಮಾಡುವ ಅಗತ್ಯವಿಲ್ಲ. ಆದರೆ ಅದು ಎಂಥ ಬೇಡಿಕೆ ಎಂದು ನೋಡಬೇಕು. ಒಂದೇ ಬೇಡಿಕೆ, ಎಲ್ಲರಿಗೂ ಅರ್ಥವಾಗುವಂಥದ್ದು, ಸರ್ಕಾರ ಒಂದು ಸಹಿಯಿಂದ ಈಡೇರಿಸಬಹುದಾದದ್ದು, ಖಜಾನೆಯಿಂದ ಕೊಡಬೇಕಾದದ್ದೇನೂ ಇರಲಿಲ್ಲ. ಅಲ್ಲಿ ಎರಡನೇ ವಾರ ಬರುವ ಪ್ರಸಂಗವೇ ಇರಲಿಲ್ಲ. ಅದೇ ಹೆಂಗಸರ ಕೂಲಿಯ ಪ್ರಶ್ನೆ ಎರಡು ದಿನದಲ್ಲಿ ಬಗೆಹರಿಯುವ ಜಾತಿಯದ್ದಲ್ಲ, ಬಗೆಹರಿದೂ ಇಲ್ಲ. ಬಸ್ಸುಗಳು ಸುಟ್ಟು, ಹೆಬ್ಬಗೋಡಿ ಠಾಣೆಯ ಮೇಲೆ ಕಲ್ಲು ಬಿದ್ದ ಮೇಲೆ ಹೂಡಿದ ಪೊಲೀಸ್ ಕೇಸುಗಳನ್ನು ಎದುರಿಸಲು ಬೆನ್ನಿಗೊಂದು ಸಂಘಟನೆ ಇಲ್ಲದ ಕಷ್ಟವನ್ನೂ ಅವರೇ ಉಂಡರು.

ಇನ್ನೊಂದು ಆಕ್ಷೇಪ: ಅಪಾಯವನ್ನೆಲ್ಲ ಹೇಳುತ್ತ ಕೂತರೆ ಯಾರೂ ಮುಷ್ಕರಕ್ಕೆ ಬರುವುದಿಲ್ಲ. ಬಾರದಿದ್ದರೆ ಅದು ತಿಳಿಯಬೇಕಾದ ಸಂಗತಿಯೇ. ಮೊದಲೇ ಹಿಂಜರಿಯುವವನು ಎರಡನೇ ವಾರದಲ್ಲಿ ಖಂಡಿತ ಹಿಂಜರಿಯುತ್ತಾನೆ, ಆಗ ಅವನ ಜೊತೆ ಇನ್ನೂ ಹತ್ತು ಜನ ಹೋಗುತ್ತಾರೆ. ಅರ್ಧ ಸಂಘ ಸಿದ್ಧವಿಲ್ಲ ಎಂದು ಗೊತ್ತಾದರೆ ಮುಷ್ಕರ ಕೈಬಿಟ್ಟು ಕಪ್ಪು ಪಟ್ಟಿ, ಊಟ ತ್ಯಾಗ, ಒಂದು ದಿನದ ಸಾಂಕೇತಿಕ ಧರಣಿಗಳಲ್ಲಿ ಬಲ ಕೂಡಿಸಬಹುದು. ಇಂಥ ನಿರ್ಧಾರಕ್ಕೂ ಧೈರ್ಯ ಬೇಕು. ಮುಖಂಡರು ಮಾರಾಟವಾದರು ಎಂದು ಎದುರು ಬಣದವರು ಕೂಗುವುದು ಗ್ಯಾರಂಟಿ.

ತಯಾರಿ ಇದ್ದರೆ ಗೆಲುವು ನಿಶ್ಚಿತ ಎಂದೂ ಹೇಳಲಾಗದು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ 1980ರ ಡಿಸೆಂಬರ್ ಕೊನೆಯಿಂದ 77 ದಿನ ಕೆಲಸ ನಿಲ್ಲಿಸಿದರು. ಅನುಭವಿ ಸಂಘಗಳು, ಜಂಟಿ ನಾಯಕತ್ವ, ಕಾಲೊನಿಗಳ ಒಗ್ಗಟ್ಟು ಎಲ್ಲವೂ ಇತ್ತು. ಎದುರಿಗಿದ್ದದ್ದು ಕೇಂದ್ರ ಸರ್ಕಾರ. ಕಾರ್ಖಾನೆಯ ನಷ್ಟ ಅದಕ್ಕೆ ಖಾಸಗಿ ಮಾಲೀಕನಿಗೆ ತಟ್ಟಿದಂತೆ ತಟ್ಟಲಿಲ್ಲ. ಮುಖ್ಯ ಬೇಡಿಕೆ ಸಿಗದೆ ಕೆಲಸಕ್ಕೆ ಮರಳಿದರು. ಸದಸ್ಯರ ತಾಳ್ಮೆಯನ್ನು ಹೆಚ್ಚಿಸಲು ತಯಾರಿಗೆ ಸಾಧ್ಯ, ಎದುರಾಳಿಯ ಜೇಬಿಗೆ ತೂತು ಕೊರೆಯಲು ಸಾಧ್ಯವಿಲ್ಲ.

ಮರಳುವ ದಿನ ಮತ್ತು ಗುತ್ತಿಗೆಯವರು

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಶುರುವಾದ ಮುಷ್ಕರ ಮತ್ತು ಬೀಗಮುದ್ರೆ ಮೂರು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ಒಳಗೆ ಬರುವ ಪ್ರತಿಯೊಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು ಎಂಬ ಷರತ್ತು ಅಲ್ಲಿ ದೊಡ್ಡ ಜಗಳವಾಯಿತು. ಒಟ್ಟಾಗಿ ಹೊರಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದುಕೊಳ್ಳುವ ಕ್ರಮ ಅದು. ಹೇಗೆ ಹೊರಬರಬೇಕು ಎಂದು ಯೋಚಿಸುವ ಸಂಘಗಳು ಹೇಗೆ ಮರಳಬೇಕು ಎಂದು ಯೋಚಿಸುವುದು ಕಡಿಮೆ. ಕೇಸು ವಾಪಸಾತಿ, ವಜಾ ರದ್ದತಿ, ಮುಷ್ಕರದ ದಿನಗಳನ್ನು ರಜೆಯೆಂದು ಪರಿಗಣಿಸುವ ಮಾತು ಒಪ್ಪಂದದ ಪತ್ರದಲ್ಲಿ ಬರದಿದ್ದರೆ ಬೆಲೆ ತೆರುವವರು ಮುಂದೆ ನಿಂತವರೇ.

ಇಷ್ಟೆಲ್ಲ ಹೇಳಿದ್ದು ಸದಸ್ಯರ ಮಾತು. ಇಂದು ಅನೇಕ ಕಾರ್ಖಾನೆಗಳ ಲೈನಿನಲ್ಲಿ ನಿಲ್ಲುವವರಲ್ಲಿ ದೊಡ್ಡ ಪಾಲು ಗುತ್ತಿಗೆಯವರು, ಅಪ್ರೆಂಟಿಸ್‌ಗಳು, ನಿಗದಿತ ಅವಧಿಗೆ ಬಂದವರು. ಸಂಘದ ರಸೀದಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಕಾಯಂ ನೌಕರರು ಗೇಟಿನಲ್ಲಿ ಕೂತಾಗ ಯಂತ್ರ ನಡೆಸುವವರು ಅವರೇ. ಬೇಡ ಅನ್ನುವ ಸ್ಥಿತಿಯಲ್ಲಿ ಅವರಿಲ್ಲ, ಅವರ ಕೂಲಿ ಹೆಚ್ಚಿಸುವ ಮಾತು ಬೇಡಿಕೆ ಪಟ್ಟಿಯಲ್ಲಿ ಇದ್ದರೂ ಕೊನೆಯ ಸಾಲಿನಲ್ಲಿರುತ್ತದೆ, ಸಂಧಾನದಲ್ಲಿ ಮೊದಲು ಬಿಟ್ಟುಕೊಡುವುದೂ ಅದನ್ನೇ. ಮುಂದಿನ ಮುಷ್ಕರದ ತಯಾರಿಗೆ ಕೂರುವ ಸಂಘ ಮೊದಲ ಗೇಟ್ ಮೀಟಿಂಗನ್ನು ಗುತ್ತಿಗೆಯವರ ಪಾಳಿ ಬಿಡುವ ಹೊತ್ತಿಗೆ ಇಟ್ಟುಕೊಳ್ಳಬೇಕಾಗುತ್ತದೆ, ಆ ಕೊನೆಯ ಸಾಲನ್ನು ಮೇಲಕ್ಕೆ ತಂದುಕೊಂಡು.